ಹೊಳೆಯಾಚೆ ಅತ್ತೆ ಇಲ್ಲ

ನನ್ನ ಸೋದರಮಾವ ಊಟವನ್ನು ಮೊದಲು ಕಿವಿಯಿಂದ ಮಾಡುತ್ತಿದ್ದ. ಯಾವ ಖಾನಾವಳಿಗೆ ಹೋದರೂ ಒಳಗೆ ಕಾಲಿಡುವ ಮುನ್ನ ಅಡುಗೆಮನೆಯ ಹೊರಗೋಡೆಯ ಬದಿಗೆ ಸರಿದು, ಕತ್ತನ್ನು ಒಂದಿಷ್ಟು ವಾಲಿಸಿ, ಕಣ್ಣು ಮುಚ್ಚಿ ನಿಲ್ಲುವನು. ಬಾಣಲೆಗೆ ಬಿದ್ದ ಈರುಳ್ಳಿ ಎಷ್ಟು ಹೊತ್ತು ಚಟಗುಟ್ಟಿತು, ಸೌಟು ಪಾತ್ರೆಯ ತಳಕ್ಕೆ ತಾಗುತ್ತಿದೆಯೋ ಅಂಚಿಗೆ ತಾಗುತ್ತಿದೆಯೋ, ಅಡುಗೆಯವರು ಗೊಣಗುತ್ತಿದ್ದಾರೋ ಸುಮ್ಮನಿದ್ದಾರೋ, ಇಷ್ಟನ್ನೂ ಏಕಾಗ್ರಚಿತ್ತದಿಂದ ಆಲಿಸಿ, "ಬಾ, ಕೂರೋಣ" ಎನ್ನುವನು. ಇಲ್ಲವೇ ಒಂದು ಮಾತೂ ಆಡದೆ ಮುಂದಿನ ಬೀದಿಗೆ ನಡೆದುಬಿಡುವನು. ಒಮ್ಮೆ ಕಾರಣ ಕೇಳಿದ್ದಕ್ಕೆ ಹೇಳಿದ: "ಗೊಣಗ್ತಾ ಅಡುಗೆ ಮಾಡೋರ ಕೈ ಕೆಡಲ್ಲ ಕಣೋ. ಹಾಡ್ಕೊಂಡು ಮಾಡೋರನ್ನ ಮಾತ್ರ ನಂಬಬೇಡ. ಅವರ ಗಮನ ಹಾಡಿನ ಮೇಲಿರುತ್ತೆ, ಉಪ್ಪಿನ ಮೇಲಿರಲ್ಲ."

ಇದು ಕಸುಬಿನಿಂದ ಬಂದ ಗುಣ. ಮಾವ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ನಮ್ಮ ಹೊಳೆಯ ಕಣಿವೆಯಲ್ಲಿ, ಮೇಲಿನ ಗಿರಣಿಯಿಂದ ಕೆಳಗಿನ ಹಳೆಯ ಸೇತುವೆಯವರೆಗೆ ಚದುರಿಕೊಂಡಿರುವ ಹಳ್ಳಿಗಳಲ್ಲಿ, ದರ್ಜಿಗಳ ಅಂಗಡಿಯಲ್ಲಿರಲಿ ಮನೆಗಳ ಪಡಸಾಲೆಯಲ್ಲಿರಲಿ, ಹೊಲಿಗೆ ಯಂತ್ರವೆಂಬುದು ಕೆಮ್ಮಿದರೆ ಸೀನಿದರೆ ಮಾವನಿಗೇ ಕರೆ ಬರುತ್ತಿತ್ತು. ಅವನು ಬಂದವನೇ ಯಂತ್ರವನ್ನು ಬಿಚ್ಚುತ್ತಿರಲಿಲ್ಲ. "ಒಂದು ಗೆರೆ ಹೊಲೀರಿ, ಕೇಳೋಣ" ಎಂದು ಸ್ಟೂಲಿನ ಮೇಲೆ ಕೂತು, ಅದೇ ಕತ್ತು ವಾಲಿಸುವ ಭಂಗಿಯಲ್ಲಿ ರೋಗವನ್ನು ಕಂಡುಹಿಡಿಯುವನು. ಮೈಮೇಲೆ ಹನ್ನೊಂದು ಜೇಬಿನ ಬೂದುಬಣ್ಣದ ಕೋಟು. ಬಲಜೇಬಿನಲ್ಲಿ ಎಣ್ಣೆಯ ಡಬ್ಬಿ. ಆ ಡಬ್ಬಿಯ ಭಾರಕ್ಕೆ ಕೋಟು ಬಲಕ್ಕೆ ಜಗ್ಗಿ, ಕೋಟಿನ ಜೊತೆ ಮಾವನೂ ಬಲಕ್ಕೆ ಜಗ್ಗಿ, ಕಡೆಗೆ ಕೋಟು ಕಳಚಿಟ್ಟ ದಿನವೂ ಅವನ ನಡಿಗೆ ಬಲಕ್ಕೇ ವಾಲುತ್ತಿತ್ತು. ದೂರದಿಂದ ನೋಡಿದವರು ಯಾರನ್ನೋ ಓರೆಗಣ್ಣಿನಿಂದ ನೋಡುತ್ತಾ ಬರುತ್ತಿದ್ದಾನೆ ಎಂದುಕೊಳ್ಳಬೇಕು, ಹಾಗೆ.

ಕಣಿವೆಯಲ್ಲಿ ಎಲ್ಲಿ ಏನು ತಿನ್ನಬೇಕು ಎಂಬುದರಲ್ಲಿ ಮಾವನ ಮಾತೇ ಅಂತಿಮ ಪ್ರಮಾಣವಾಗಿತ್ತು. ಆದರೆ ಅವನನ್ನು ವಿಳಾಸ ಕೇಳಿ ಉದ್ಧಾರವಾದವರು ಯಾರೂ ಇಲ್ಲ. ಆ ಹೊಳೆ ಹಾವಿನಂತೆ ಸುತ್ತಿಕೊಂಡು ಹರಿಯುವುದರಿಂದ ರಸ್ತೆ ಅದನ್ನು ಐದು ಕಡೆ ದಾಟುತ್ತದೆ. ಮಾವನಿಗೆ ಇದ್ದದ್ದು ಎರಡೇ ದಿಕ್ಕು, ಆಚೆ ಮತ್ತು ಈಚೆ. "ಮೊಟ್ಟೆ ತಿನ್ನಬೇಕಾ? ಆಚೆ ಹೋಗು. ಮೀನಾದ್ರೆ ಈಚೆ." ಯಾವುದರ ಆಚೆ, ಎಲ್ಲಿ ನಿಂತರೆ ಈಚೆ ಎಂದು ಕೇಳಿದರೆ ಅವನಿಗೇ ಗೊಂದಲವಾಗಿ, "ಹೊಳೆಯ ಆಚೆ ಅಂದ್ರೆ ಆಚೆ ಕಣಯ್ಯ, ಅದಕ್ಕೇನು ಎರಡು ಅರ್ಥ ಇದೆಯಾ?" ಎಂದು ರೇಗುವನು. ಅವನ ಮಾತು ನಂಬಿ ಮೀನು ತಿನ್ನಲು ಹೊರಟ ನನ್ನ ಗೆಳೆಯನೊಬ್ಬ ನಾಲ್ಕು ಸೇತುವೆ ದಾಟಿ ಹೊರಟ ಜಾಗಕ್ಕೇ ಬಂದು, ಹಸಿದು, ಎರಡು ಬನ್ನು ತಿಂದು ಮನೆ ಸೇರಿದ.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎನ್ನುತ್ತಾರಲ್ಲ, ಮಾವ ಆ ಗಾದೆಯ ಮೊದಲರ್ಧವನ್ನು ಮಾತ್ರ ಓದಿಕೊಂಡವನು. ತಟ್ಟೆಯ ಮುಂದೆ ಕೂತರೆ ಮಾತು ವರ್ಜ್ಯ. ಏನಾದರೂ ಕೇಳಿದರೆ ತುಂಬಿದ ಬಾಯಲ್ಲೇ ಒಂದು ಶಬ್ದ, ಬಹಳವೆಂದರೆ ಎರಡು. ಹೊಗಳಿಕೆಯಂತೂ ಅವನ ಬಾಯಿಂದ ಎದುರಿಗೆ ಎಂದೂ ಬಂದದ್ದಿಲ್ಲ. ಅತ್ತೆ ಬೆಳಗಿನಿಂದ ಒಲೆಯ ಮುಂದೆ ಬೆಂದು ಬಡಿಸಿ, "ಹೇಗಿದೆ?" ಎಂದರೆ, "ಹೂಂ. ದೋಣಿಕಟ್ಟೇಲಿ ಇದಕ್ಕೆ ಒಂಚೂರು ಹುಳಿ ಹಾಕ್ತಾರೆ" ಎನ್ನುವನು. ದೋಣಿಕಟ್ಟೆ ಎಂದರೆ ಹೊಳೆಯ ಮೇಲ್ಭಾಗದಲ್ಲಿ, ಸೇತುವೆಯೂ ಇಲ್ಲದ ಕಡೆ, ದೋಣಿ ನಿಲ್ಲುವ ಕಟ್ಟೆಯ ಪಕ್ಕದಲ್ಲಿ ಒಬ್ಬ ಹೆಂಗಸು ನಡೆಸುತ್ತಿದ್ದ ನಾಲ್ಕು ಬೆಂಚಿನ ಖಾನಾವಳಿ. ಇಪ್ಪತ್ನಾಲ್ಕು ವರ್ಷ ಅತ್ತೆ ಆ ದೋಣಿಕಟ್ಟೆಯ ಹೆಸರನ್ನು ತನ್ನ ಪ್ರತಿಯೊಂದು ಅಡುಗೆಯ ಜೊತೆಗೆ ನುಂಗಿಕೊಂಡು ಬಂದಿದ್ದಳು.

ಮಗಳ ಮದುವೆ ಮುಗಿದ ಮೂರನೆಯ ತಿಂಗಳು ಅತ್ತೆ ಪಟ್ಟು ಹಿಡಿದಳು. "ಒಂದೇ ಒಂದು ಸಲ ನಿಮ್ಮ ಆ ಆಚೆ ಈಚೆ ಎಲ್ಲ ನನಗೂ ತೋರಿಸಿ. ನನ್ನ ಕೈಯಲ್ಲಿ ಇಲ್ಲದ್ದು ಅಲ್ಲಿ ಏನಿದೆ ಅಂತ ನಾನೂ ತಿಂದು ನೋಡ್ತೀನಿ." ನಾನು ಆಗ ಔಷಧಿ ಅಂಗಡಿಗಳಿಗೆ ಸರಕು ಮುಟ್ಟಿಸುವ ವ್ಯಾನು ಓಡಿಸುತ್ತಿದ್ದೆ. ರಜೆಯ ದಿನ ವ್ಯಾನು ನನ್ನ ಬಳಿಯೇ ಇರುತ್ತಿತ್ತು. ಹೊರಡುವ ದಿನ ಮಾವ ನಾಲ್ಕು ಸಲ ಹಿತ್ತಲಿಗೆ ಹೋಗಿಬಂದ, ಎರಡು ಸಲ ಕೋಟು ಹಾಕಿ ತೆಗೆದ, ಮಳೆ ಬರುತ್ತದೆ ಎಂದ, ಆಕಾಶ ನೋಡಿದರೆ ಕನ್ನಡಿಯ ಹಾಗಿತ್ತು.

ಮೊದಲು ಬಸ್ ನಿಲ್ದಾಣದ ಹಿಂದಿನ ಓಣಿಯ ಅಡುಗೆಯವನಲ್ಲಿಗೆ. ಗಿರಾಕಿಗಳನ್ನು ಬೈಯುತ್ತಲೇ ಬಡಿಸುವ ಆಸಾಮಿ; ಇನ್ನೊಂದು ಸಲ ಕೇಳಿದರೆ "ಮನೇಲಿ ಹಾಕಲ್ವಾ?" ಎನ್ನುತ್ತಾ ಎರಡು ಸೌಟು ಹೆಚ್ಚಿಗೆ ಸುರಿಯುವವನು. ಅವನ ಕುಂಬಳಕಾಯಿಯನ್ನು ಅತ್ತೆ ಬೆರಳಲ್ಲಿ ಕಿವುಚಿ, ಮೂಸಿ, ತಿಂದು, "ಚೆನ್ನಾಗಿದೆ. ಬೆಲ್ಲ ಜಾಸ್ತಿ" ಎಂದಳು. ಅಲ್ಲಿಂದ ಎರಡು ಸೇತುವೆ ದಾಟಿ ಇಟ್ಟಿಗೆ ಗೂಡಿನ ಪಕ್ಕದ ತಗಡಿನ ಚಪ್ಪರಕ್ಕೆ. ಅಲ್ಲಿ ಮುದುಕನೊಬ್ಬ ಗೂಡಿನ ಕೆಂಡದ ಮೇಲೇ ಆಲೂಗಡ್ಡೆ ಸುಟ್ಟು, ಸಿಪ್ಪೆ ಸುಲಿದು, ಮೇಲೊಂದು ಮೊಟ್ಟೆ ಒಡೆದು ಕೊಡುತ್ತಿದ್ದ. ಅತ್ತೆಗೆ ಅದು ಎಷ್ಟು ಹಿಡಿಸಿತೆಂದರೆ ಕೆಂಡ ಎಷ್ಟು ಹೊತ್ತಿಗೆ ಹದ ಎಂದು ಕೇಳಲು ಮುದುಕನ ಬೆನ್ನಹಿಂದೆಯೇ ಗೂಡಿನ ಬಳಿಗೆ ಹೋದಳು. ಮಾವನ ತಟ್ಟೆ ನೋಡಿದೆ. ಮೊಟ್ಟೆ ಇಟ್ಟ ಹಾಗೇ ಇತ್ತು. ಈ ಮನುಷ್ಯ ಮೊಟ್ಟೆ ಬಿಟ್ಟದ್ದನ್ನು ನಾನು ಕಂಡವನಲ್ಲ.

"ಮೈ ಸರಿ ಇಲ್ವಾ ಮಾವ?"

ಅವನು ಗೂಡಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ: "ದೋಣಿಕಟ್ಟೆಗೆ ಹೋಗೋದು ಬೇಡ ಕಣೋ. ಅಲ್ಲಿ ನಿಮ್ಮತ್ತೆ ಸತ್ತೋಗಿದ್ದಾಳೆ."

ನನಗೆ ತಲೆಬುಡ ತಿಳಿಯಲಿಲ್ಲ. ಎದುರಿಗೆ, ಹತ್ತು ಮಾರು ದೂರದಲ್ಲಿ, ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಂಡ ಕೆದಕುತ್ತಿದ್ದಳು. ಮಾವ ತಡವರಿಸುತ್ತಾ ಹೇಳಿದ್ದನ್ನು ಕೂಡಿಸಿಕೊಂಡಾಗ ಕಥೆ ಹೀಗಾಯಿತು. ಅತ್ತೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದ ವಾರ ಮಾವ ದೋಣಿಕಟ್ಟೆಯ ಕಡೆ ಕೆಲಸವಿದ್ದು ಮೂರು ದಿನ ಒಂದೇ ಸಮನೆ ಆ ಖಾನಾವಳಿಯಲ್ಲಿ ಉಂಡ. ಮೂರನೆಯ ದಿನ ಅಲ್ಲಿಯ ಹೆಂಗಸು, ಗುಂಡಿ ಕಿತ್ತ ಅವನ ಕೋಟು ನೋಡಿ, "ಮನೆಯವರು ಇಲ್ವಾ?" ಎಂದು ಕೇಳಿದ್ದಾಳೆ. ಬಾಯಿ ತುಂಬ ತುತ್ತು. ಮಾವ, "ಇಲ್ಲ. ಹೋದ್ಲು" ಎಂದಿದ್ದಾನೆ. "ಅಯ್ಯೋ! ಯಾವಾಗ?" "ಸೋಮವಾರ." "ಏನಾಗಿತ್ತು?" "ಹೆರಿಗೆ."

ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳಂತೆ. ಬಂದವಳು ಅವನ ತಟ್ಟೆಗೆ ನಿಂಬೆಗಾತ್ರದ ಬೆಣ್ಣೆ ಹಾಕಿದಳಂತೆ. ಮಾವ ಅದು ಆ ಮನೆಯ ಪದ್ಧತಿಯಿರಬೇಕು ಎಂದುಕೊಂಡು ಉಂಡು ಎದ್ದ. ಅಂದಿನಿಂದ ಹೋದಾಗಲೆಲ್ಲ ಬೆಣ್ಣೆ. ಒಂದೂವರೆ ವರ್ಷ ಕಳೆದ ಮೇಲೆ, ಮಗಳು ಓಡಾಡುತ್ತಾಳೆ ಎಂದು ಇವನು ಹೇಳಿದಾಗ ಆಕೆ, "ತಾಯಿಲ್ಲದ ಕೂಸು, ಯಾರು ನೋಡ್ಕೊಳ್ತಾರೆ?" ಎಂದಳು. ಆಗ ಇವನಿಗೆ ಅರ್ಥವಾಯಿತು. ಮುಂದಿನ ಸಲ ಹೇಳಿಬಿಡೋಣ ಎಂದುಕೊಂಡ. ಮುಂದಿನ ಸಲ ಹೋದರೆ ಆಕೆ ಆ ಕೂಸಿಗೆಂದು ತಾನೇ ಒಂದು ಲಂಗ ಹೊಲಿದು ಇಟ್ಟಿದ್ದಳು.

"ಲಂಗ ಕೈಯಲ್ಲಿ ಹಿಡ್ಕೊಂಡು ಹೇಗೆ ಹೇಳಲಿ ನೀನೇ ಹೇಳು" ಎಂದ ಮಾವ. "ಮತ್ತೆ ಅವಳ ಗಂಡ, ದೋಣಿಯವನು, ಅದೇ ವರ್ಷ ಹೋಗಿದ್ದ. ನಿಜವಾಗ್ಲೂ ಹೋಗಿದ್ದ. 'ನಿಮ್ಮದೂ ನನ್ನದೂ ಒಂದೇ ಕಥೆ ಮಿಷಿನಣ್ಣ' ಅಂತಿದ್ಲು. ನಾನೇನೂ ಸುಳ್ಳು ಹೇಳಿಲ್ಲ ಕಣೋ. ಒಂದು ಮಾತೂ ಸುಳ್ಳು ಹೇಳಿಲ್ಲ."

ಈ ಮನುಷ್ಯ ಮುಗ್ಧನೋ ಪಾಕಡಾನೋ ಎಂಬುದು ನನಗೆ ಆ ಗಳಿಗೆಯಲ್ಲಿ ಬಗೆಹರಿಯಲಿಲ್ಲ, ಇಂದಿಗೂ ಬಗೆಹರಿದಿಲ್ಲ. ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಇನ್ನು ದೋಣಿಕಟ್ಟೆ" ಎಂದಳು. ಇವತ್ತು ಅದು ಮುಚ್ಚಿರುತ್ತದೆ ಎಂದ ಮಾವ. ಹೋಗಿ ನೋಡೋಣ ಎಂದಳು. ಈಗೀಗ ಅಲ್ಲಿ ರುಚಿ ಕೆಟ್ಟಿದೆ ಎಂದ. ಹೋದ ವಾರ ತಾನೇ ಹೊಗಳಿದ್ರಲ್ಲ ಎಂದಳು. ದೋಣಿ ಓಡಾಡುತ್ತಿಲ್ಲ ಎಂದ. ಅತ್ತೆ ಅವನ ಮುಖವನ್ನು ದೀಪ ಹಿಡಿದು ನೋಡುವಂತೆ ನೋಡಿದಳು. ಮುಖದ ನಗೆ ಇಂಗಿಹೋಯಿತು. "ಯಾರವಳು?" ಎಂದು ಕೇಳಿದಳು. ಮಾವ ಎಣ್ಣೆಯ ಡಬ್ಬಿಯ ಜೇಬು ತಡಕಿದ. "ನೀನು ವ್ಯಾನು ತೆಗಿ" ಎಂದಳು ನನಗೆ. ಇಪ್ಪತ್ತಾರು ವರ್ಷದ ಸಂಸಾರ ಒಂದು ಊಟದ ಮೇಲೆ ನಿಂತಿತ್ತು. ನಾನಾಗಿ ಬಾಯಿಬಿಟ್ಟು ಹೇಳಿಬಿಡಲೇ ಎಂದುಕೊಂಡೆ. ಗಂಡಹೆಂಡಿರ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಾಗುವುದು ಬೇಡವೆಂದು ಗೇರು ಬದಲಿಸಿದೆ. ಹೇಡಿತನವೆಂದರೆ ಹೌದು, ಹೇಡಿತನವೇ.

ದೋಣಿ ಓಡಾಡುತ್ತಿತ್ತು. ಆಚೆ ದಡ ಹತ್ತಿದಾಗ ಮಾವ ಅಭ್ಯಾಸಬಲದಿಂದ ಖಾನಾವಳಿಯ ಹೊರಗೋಡೆಗೆ ಕಿವಿಯಿಟ್ಟು ನಿಂತ. ಒಳಗೆ ಯಾರೋ ಗೊಣಗುತ್ತಿದ್ದರು. ಅತ್ತೆ ಅವನನ್ನು ದಾಟಿಕೊಂಡು ಒಳಗೆ ನಡೆದಳು.

ಖಾನಾವಳಿಯ ಹೆಂಗಸಿಗೆ ಅರವತ್ತರ ಹತ್ತಿರ ವಯಸ್ಸು. ಗಿಡ್ಡ ದೇಹ, ಮೊಣಕೈವರೆಗೆ ಹಿಟ್ಟು, ಒಂದು ಕಿವಿಯ ಮೇಲೆ ಬೆಂಕಿಪೊಟ್ಟಣದ ಕಡ್ಡಿ. ಮೋಹಕ ರೂಪವನ್ನು ನಿರೀಕ್ಷಿಸಿ ಸೊಂಟ ಕಟ್ಟಿಕೊಂಡು ಬಂದಿದ್ದ ಅತ್ತೆ ಒಂದು ಕ್ಷಣ ತಬ್ಬಿಬ್ಬಾದಳು. "ಬನ್ನಿ ಮಿಷಿನಣ್ಣ" ಎಂದ ಆಕೆ, ಅತ್ತೆಯನ್ನು ಕಂಡು, "ಇವರು?" ಎಂದಳು. ಅಂದು ಮಾವನ ಬಾಯಲ್ಲಿ ತುತ್ತೂ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ. ಆಕೆಯೇ ಹಣೆ ತಟ್ಟಿಕೊಂಡು ನಕ್ಕಳು.

"ಅಂತೂ ಮಾಡ್ಕೊಂಡ್ರಾ! ಒಳ್ಳೇದೇ ಆಯ್ತು ಬಿಡಿ. ಮಗಳನ್ನ ದಡ ಮುಟ್ಟಿಸಿ ಆಮೇಲೆ ಮದುವೆಯಾದ್ರಿ. ಇಂಥ ಗಂಡಸರು ಎಲ್ಲಿದ್ದಾರಮ್ಮ ಈಗ? ಆ ಪುಣ್ಯಾತ್ಗಿತ್ತಿ ಹೋಗಿ ಇಪ್ಪತ್ನಾಲ್ಕು ವರ್ಷ ಆಗಿರಬೇಕು."

"ಯಾರು ಹೋಗಿ?" ಎಂದಳು ಅತ್ತೆ.

"ಇವರ ಮೊದಲನೇ ಹೆಂಡ್ತಿ. ಹೆರಿಗೇಲಿ ಹೋದ್ರಲ್ಲ. ನಿಮಗೆ ಹೇಳಿಲ್ವಾ?"

ಅತ್ತೆ ಮೆಲ್ಲಗೆ ಬೆಂಚಿನ ಮೇಲೆ ಕೂತಳು. ಅವಳ ಮುಖದಲ್ಲಿ ಆಗ ಹಾದುಹೋದದ್ದನ್ನೆಲ್ಲ ನಾನು ಕಂಡೆ. ನನಗಿಂತ ಮೊದಲು ಇವನಿಗೊಬ್ಬಳಿದ್ದಳೇ? ಹಾಗಾದರೆ ನಾನು ಬೆಳೆಸಿದ್ದು ಯಾರ ಮಗಳನ್ನು? ಆದರೆ ಹೆತ್ತವಳು ನಾನೇ ತಾನೆ? ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಲೆಕ್ಕ ಎಳೆದಾಡುತ್ತಿತ್ತು. ಆ ಹೆಂಗಸು ಯಾವುದನ್ನೂ ಗಮನಿಸದೆ ತಟ್ಟೆ ಹಾಕಿ ಬಡಿಸುತ್ತಾ ಹೇಳುತ್ತಲೇ ಇದ್ದಳು.

"ಏನು ಹೆಂಗಸಮ್ಮ ಅದು! ಬದನೆಕಾಯಿ ಸುಟ್ಟು ಮಾಡಿದ್ರೆ ಊರೋರ ಬಾಯಲ್ಲೆಲ್ಲ ನೀರೂರಬೇಕಂತೆ. ನಾನು ಮಾಡಿದ್ದು ತಿಂದು, 'ನಮ್ಮನೇಲಿ ಇದಕ್ಕೆ ಹುಳಿ ಹಾಕಲ್ಲ, ಅದೇ ಸರಿ' ಅಂತಾರೆ ಇವರು, ನನ್ನ ಮುಖಕ್ಕೇ! ಸೂಜಿಗೆ ದಾರ ಪೋಣಿಸೋವಾಗ ನಾಲಿಗೆ ತುದಿ ಕಚ್ಕೊಳ್ತಾಳಂತೆ, ಚಿಕ್ಕ ಮಗು ಹಾಗೆ. ಸಿಟ್ಟು ಬಂದ್ರೆ ತೊಳೆದಿಟ್ಟ ಪಾತ್ರೇನೇ ತಗೊಂಡು ಮತ್ತೆ ತೊಳೀತಾಳಂತೆ. 'ಅವಳ ಸಿಟ್ಟಿಗೆ ನಮ್ಮನೆ ಪಾತ್ರೆ ಸವೆದು ಹೋಗಿದೆ' ಅಂತ ಹೇಳಿ ನಗ್ತಾರೆ."

ಅತ್ತೆ ತುತ್ತನ್ನು ಕೈಯಲ್ಲಿ ಹಿಡಿದವಳು ಹಾಗೆಯೇ ಉಳಿದಳು. ಸತ್ತವಳು ಯಾರೆಂದು ಅವಳಿಗೆ ಆಗ ಗುರುತು ಹತ್ತಿತು.

ಒಂದು ಮಾತು ಸಾಕಾಗಿತ್ತು. "ಅವಳು ನಾನೇ" ಎಂದುಬಿಟ್ಟರೆ ಮುಗಿಯಿತು. ಮಾವನ ಮಾನ, ಆ ಹೆಂಗಸಿನ ಇಪ್ಪತ್ನಾಲ್ಕು ವರ್ಷದ ಮರುಕ, ಎಲ್ಲವೂ ಹೊಳೆಪಾಲು. ಮಾವ ನೆಲ ನೋಡುತ್ತಿದ್ದ. ಅತ್ತೆ ತುತ್ತನ್ನು ಬಾಯಿಗಿಟ್ಟು, ಅಗಿದು, ನುಂಗಿ, ಕೇಳಿದಳು: "ಇನ್ನೂ ಏನೇನು ಹೇಳ್ತಾರೆ ಆಕೆ ಬಗ್ಗೆ?"

ಆ ಹೆಂಗಸು ಪಕ್ಕದ ಬೆಂಚಿಗೆ ಬಂದು ಕೂತೇಬಿಟ್ಟಳು. ಮಾವನಿಗೆ ಜ್ವರ ಬಂದ ಹನ್ನೊಂದು ದಿನ ನಿದ್ದೆಗೆಟ್ಟದ್ದು, ಮಾವನ ಕೋಟಿನ ಜೇಬುಗಳನ್ನೆಲ್ಲ ಹೊಲಿದದ್ದು, ನಗು ತಡೆಯಲಾಗದೆ ಯಾರದೋ ಮದುವೆಯಿಂದ ಎದ್ದು ಹೊರಗೆ ಓಡಿದ್ದು, ಎಲ್ಲ ಬಂತು. ಅತ್ತೆ ಕೇಳಿದಳು, ಉಂಡಳು, ಮತ್ತೆ ಹಾಕಿಸಿಕೊಂಡಳು, ಮತ್ತೆ ಕೇಳಿದಳು. ಕಡೆಗೆ ಆ ಹೆಂಗಸು ದನಿ ಇಳಿಸಿ ಹೇಳಿದಳು:

"ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷದಲ್ಲಿ ಇವರು ಆಕೆ ಬಗ್ಗೆ 'ಮಾಡ್ತಿದ್ಲು' ಅಂತ ಒಂದು ಸಲಾನೂ ಅಂದಿಲ್ಲ. 'ಮಾಡ್ತಾಳೆ' ಅಂತಾನೇ ಅನ್ನೋದು. ಬದುಕಿದ್ದಾಳೆ ಅನ್ನೋ ಹಾಗೆ. ನನ್ನ ಗಂಡನ ಬಗ್ಗೆ ನಾನೇ 'ಇದ್ದ' ಅನ್ನೋದು ಕಲಿತೆ; ಇವರು ಕಲೀಲೇ ಇಲ್ಲ. ಸತ್ತವರ ಜೊತೆ ಪೈಪೋಟಿ ಕಷ್ಟ ಕಣಮ್ಮ. ಎರಡನೆಯವರಾಗಿ ಬರೋರಿಗೆ ಗೊತ್ತು ಆ ಕಷ್ಟ." ಹಾಗೆಂದು ಎದ್ದುಹೋಗಿ, ಮಾವನ ತಟ್ಟೆಗೆ ಹಾಕಬೇಕಾಗಿದ್ದ ಬೆಣ್ಣೆಯನ್ನು ತಂದು ಅತ್ತೆಯ ತಟ್ಟೆಗೆ ಹಾಕಿದಳು.

ಅತ್ತೆ ನಗಲು ಹೊರಟಳು. ಅದು ನಡುದಾರಿಯಲ್ಲಿ ಅಳುವಾಯಿತು. ಆ ಹೆಂಗಸು ಅವಳ ಬೆನ್ನು ಸವರುತ್ತಾ, "ಅಳಬೇಡಿ, ನಿಮ್ಮನ್ನೂ ಇಷ್ಟಪಡ್ತಾರೆ, ಸ್ವಲ್ಪ ಕಾಲ ಬೇಕು" ಎಂದಳು. "ಹೌದಮ್ಮ, ಕಷ್ಟಾನೇ" ಎಂದಳು ಅತ್ತೆ, ಮೂಗು ಒರೆಸಿಕೊಳ್ಳುತ್ತಾ.

ಹಿಂದಿರುಗುವಾಗ ಅತ್ತೆ ಮುಂದೆ ನನ್ನ ಪಕ್ಕ ಕೂತಳು. ಮಾವ ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ. ಮೊದಲನೆಯ ಸೇತುವೆ ದಾಟಿದೆವು.

"ನಾನು ಸತ್ತಿರೋದು ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು ಅತ್ತೆ, ರಸ್ತೆಯನ್ನು ನೋಡುತ್ತಾ.

"ಮಗೂಗೆ ಒಂದೂವರೆ ವರ್ಷ ಆಗಿದ್ದಾಗ."

"ಗೊತ್ತಾದ ಮೇಲೂ ಬೆಣ್ಣೆ ತಿಂದ್ರಾ?"

"ತಟ್ಟೆಗೆ ಹಾಕಿದ್ದನ್ನ ಬಿಡಕ್ಕಾಗುತ್ತೇನೆ?"

ನನಗೆ ನಗು ಉಕ್ಕಿ ಬಂತು; ಅತ್ತೆ ನೋಡಿದ ನೋಟಕ್ಕೆ ಅದು ಅಲ್ಲೇ ಅಡಗಿತು. ಬಹಳ ಹೊತ್ತಿನ ಮೇಲೆ, ಊರು ಹತ್ತಿರವಾದಾಗ, ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ನಾನು ಬದುಕಿದ್ದಿದ್ರೆ, ಇದನ್ನೆಲ್ಲ ನನಗೆ ಹೇಳ್ತಿದ್ರಾ?"

ಬಾಯಿತಪ್ಪಿ ಹಾಗೆ ಕೇಳಿದಳೇನೋ ಎಂದುಕೊಂಡೆ. ಕನ್ನಡಿಯಲ್ಲಿ ಮಾವನನ್ನು ನೋಡಿದೆ. "ಬದುಕಿದ್ದಿದ್ರೆ..." ಎಂದು ಶುರುಮಾಡಿದ ಅವನು, ಅಲ್ಲಿಗೇ ನಿಂತು, ಕತ್ತು ವಾಲಿಸಿ, ಆ ಮಾತನ್ನೇ ಕೆಟ್ಟ ಯಂತ್ರದ ಸದ್ದು ಕೇಳುವಂತೆ ಆಲಿಸುತ್ತಾ ಕೂತ.

ಮರುದಿನ ಏನಾಯಿತೆಂದು ಅತ್ತೆಯೇ ಹೇಳಿದಳು. ಬದನೆಕಾಯಿ ಸುಟ್ಟು, ಹುಳಿಯಿಲ್ಲದೆ ಮಾಡಿ, ಬಡಿಸಿ, ಎದುರಿಗೆ ಕೂತಳಂತೆ. ಮಾವ ಉಂಡ. ಅವಳ ಮುಖ ನೋಡಿದ. ಬೆವತ. ಏನೋ ಹೇಳಲು ಬಾಯಿ ತೆರೆದ. "ಹೂಂ" ಎಂದ. ಅತ್ತೆ ಎದ್ದು ಹೋಗಿ ತೊಳೆದ ಪಾತ್ರೆಗಳನ್ನೆಲ್ಲ ಇನ್ನೊಮ್ಮೆ ತೊಳೆದಳು. ಆದರೆ ಅಂದಿನಿಂದ ಎರಡು ಮೂರು ತಿಂಗಳಿಗೊಮ್ಮೆ, ಮಾವನಿಗೆ ಹೇಳದೆ, "ನಡಿಯೋ, ಊಟಕ್ಕೆ ಹೋಗಿ ಬರೋಣ" ಎಂದು ನನ್ನನ್ನು ಎಬ್ಬಿಸುತ್ತಾಳೆ. ದೋಣಿ ಹತ್ತುತ್ತಾಳೆ, ಎರಡನೆಯವಳಾಗಿ ಬೆಂಚಿನ ಮೇಲೆ ಕೂರುತ್ತಾಳೆ, ಮೊದಲನೆಯವಳ ಸುದ್ದಿ ಕೇಳುತ್ತಾಳೆ. ಮಾವ ಅಷ್ಟರಲ್ಲಿ ಒಂದೆರಡು ಸಲ ಬಂದುಹೋಗಿರುತ್ತಾನಾದ್ದರಿಂದ ಸುದ್ದಿ ಯಾವಾಗಲೂ ಹೊಸದೇ ಇರುತ್ತದೆ.

ಮಾವನನ್ನು ಕ್ಷಮಿಸಬೇಕೋ ಬೈಯಬೇಕೋ ನನಗೆ ತಿಳಿಯದು. ಒಂದು ದಿನ ಹೀಗೆನಿಸುತ್ತದೆ, ಇನ್ನೊಂದು ದಿನ ಹಾಗೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತಿಗಿಂತ ಇವರದು ಬೇರೆಯೇ ಸಂಗತಿ. ಹತ್ತಿರದ ಬೆಟ್ಟವೇ ನುಣುಪೆಂದು ಇವರಿಗೆ ಚೆನ್ನಾಗಿ ಗೊತ್ತು, ಅದನ್ನು ಹೇಳಲು ಮಾತ್ರ ದೂರ ಹೋಗಬೇಕು. ಇಂಥ ಗಂಡಸರು ಸುಳ್ಳರಲ್ಲ, ಪ್ರೀತಿಯಿಲ್ಲದವರೂ ಅಲ್ಲ. ಪ್ರೀತಿಸಿದವರ ಮುಖ ಎದುರಿಗಿದ್ದರೆ ಇವರಿಗೆ ಭಾಷೆ ಸಾಯುತ್ತದೆ, ಅಷ್ಟೆ. ಅತ್ತೆಗೇನೋ ಒಂದು ತಪ್ಪು ತಿಳಿವಳಿಕೆಯ ಪುಣ್ಯದಿಂದ ಹೊಳೆ ದಾಟುವ ದಾರಿ ಸಿಕ್ಕಿತು. ಮಿಕ್ಕ ಮನೆಗಳಲ್ಲಿ ಆ ಮಾತುಗಳು ಹೊರಡುವುದು ಹೆಂಗಸರು ನಿಜವಾಗಿಯೂ ಹೋದ ಮೇಲೆ. ಆಗ ಬಂದವರೆಲ್ಲ ಕೂತು ಕೇಳುತ್ತಾರೆ, ಕೇಳಬೇಕಾದವಳೊಬ್ಬಳನ್ನು ಬಿಟ್ಟು.